ನಮ್ಮ ಉಗ್ರರಥಶಾಂತಿ

ಮನುಷ್ಯನಿಗೆ ಅರವತ್ತನೆಯ ವರ್ಷವು ಹಿಡಿದಾಗ ಮಾಡಿಸತಕ್ಕ ಶಾಂತಿಗೆ ಉಗ್ರರಥಶಾಂತಿಯೆಂದು ಹಿರಿಯರು ಹೆಸರಿಟ್ಟಿರುವರು. ಆ ಹೆಸರು ಏತಕ್ಕೆ ಬಂದಿತೆಂದು ಪುರೋಹಿತರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುವರು. ನಮ್ಮ ಮಟ್ಟಿಗಂತೂ ಅದರ ಅರ್ಥವು ಕಳೆದ ಕಾರ್ತಿಕ ಮಾಸದಲ್ಲಿ, ಚೆನ್ನೈ ನಗರದ ಸಮೀಪದ ಮೋಟಾರು ಓಟದ ಮಾರ್ಗವೊಂದರಲ್ಲಿ, ಸುರಿಯುವ ಮಳೆಯ ನಡುವೆ ಚೆನ್ನಾಗಿ ಮನವರಿಕೆಯಾಯಿತು. ವಾಚಕರು ನಗಬಾರದು. ಮೂವತ್ತೈದು ವರ್ಷಗಳ ಕಾಲ ಹುಡುಗರಿಂದ ಶಬ್ದಗಳನ್ನೂ ಧಾತುಗಳನ್ನೂ ಬಾಯಿಪಾಠ ಮಾಡಿಸಿ ನಿವೃತ್ತರಾದ ಸಂಸ್ಕೃತದ ಮೇಷ್ಟರಿಗೂ, ಮುನ್ನೂರು ಕುದುರೆಗಳ ಬಲವುಳ್ಳ ಕಾರಿಗೂ ಏನು ನಂಟೆಂದು ಕೇಳುವುದು ನ್ಯಾಯವೇ ಸರಿ. ಆ ನಂಟನ್ನು ಹೇಳುವುದಕ್ಕಾಗಿಯೇ ಈ ಬರೆಹ.

ನಮ್ಮ ಶಾಂತಿಯ ದಿನ ಹಳೆಯ ಶಿಷ್ಯರು ಕೆಲವರು ಬಂದಿದ್ದರು. ಅವರಲ್ಲಿ ಒಬ್ಬನು ಬೆಂಗಳೂರಿನಲ್ಲಿ ಇಂಜಿನಿಯರು. ವಯಸ್ಸು ನಾಲ್ವತ್ತೈದರ ಆಚೀಚೆ. ಬಿಡುವಿನ ದಿನಗಳಲ್ಲಿ ಹೊಸಬರಿಗೆ ಓಟದ ಮಾರ್ಗದಲ್ಲಿ ಕಾರು ನಡೆಸುವುದನ್ನು ಕಲಿಸುವುದು ಅವನ ಹವ್ಯಾಸ. ಊಟವಾಗಿ ಎಲೆಅಡಕೆ ಹಾಕಿಕೊಳ್ಳುತ್ತಿರುವಾಗ ಅವನು, “ಮೇಷ್ಟ್ರೇ, ಈ ಉಗ್ರರಥಕ್ಕೇನೋ ಶಾಂತಿಯಾಯಿತು. ನನ್ನ ಹತ್ತಿರ ಇನ್ನೊಂದು ಇದೆ. ಅದನ್ನೂ ಒಂದು ದಿನ ತಾವು ನಡೆಸಬೇಕು” ಎಂದನು. ನಾವು ಮೂವತ್ತು ವರ್ಷಗಳಿಂದ ಮಾರುತಿ ಕಾರನ್ನು ಮೈಸೂರಿನ ಬೀದಿಗಳಲ್ಲಿ ಯಾರಿಗೂ ತೊಂದರೆಯಾಗದಂತೆ ನಡೆಸಿಕೊಂಡು ಬಂದವರು. ಆ ಹೆಮ್ಮೆಯಿಂದಲೋ ಏನೋ, “ಆಗಲಯ್ಯಾ, ನಿವೃತ್ತಿಯಾಗಲಿ” ಎಂದುಬಿಟ್ಟೆವು. ಮಾತು ಮರೆತುಹೋಗುವುದೆಂದು ತಿಳಿದಿದ್ದೆವು, ಅವನು ಮರೆಯಲಿಲ್ಲ.

ಹೋಗಬೇಕಾದ ಸ್ಥಳವು ಇರುಂಗಾಟ್ಟುಕೋಟ್ಟೈ. ಅದು ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ ಶ್ರೀಪೆರುಂಬುದೂರಿಗೆ ಹತ್ತಿರ. ಶ್ರೀಪೆರುಂಬುದೂರೆಂದರೆ ಶ್ರೀರಾಮಾನುಜಾಚಾರ್ಯರ ಜನ್ಮಸ್ಥಳ. ನಮ್ಮ ಮೇಲುಕೋಟೆಯಲ್ಲಿ ಬಹುಕಾಲ ನೆಲಸಿದ್ದ ಮಹನೀಯರ ಊರು. ಆದಕಾರಣ ಮನೆಯಲ್ಲಿ, “ಶ್ರೀಪೆರುಂಬುದೂರಿಗೆ ಹೋಗಿಬರುತ್ತೇವೆ” ಎಂದಷ್ಟೇ ಹೇಳಿದೆವು. ಇದು ಸುಳ್ಳಲ್ಲ, ಆದರೆ ಸತ್ಯವನ್ನು ಸ್ವಲ್ಪ ಸಮಾಸ ಮಾಡಿ ಹೇಳಿದಂತಾಯಿತು. ನಮ್ಮ ಗೃಹಿಣಿಯು ಬುತ್ತಿಗೆ ಪುಳಿಯೋಗರೆ ಕಟ್ಟಿಕೊಟ್ಟಳು.

ಮದರಾಸಿನವರಿಗೆ ಮೋಟಾರು ಓಟದ ಹುಚ್ಚು ಇಂದು ನಿನ್ನೆಯದಲ್ಲ. ಅಲ್ಲಿಯ ಮೋಟಾರು ಕ್ರೀಡಾ ಕ್ಲಬ್ಬು ೧೯೫೩ರಲ್ಲಿ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಬಯಲೊಂದು ನಗರದ ಉತ್ತರಕ್ಕಿರುವ ಶೋಳವರಂನಲ್ಲಿತ್ತು. ಬಹುಕಾಲ ಪಂದ್ಯಗಳು ಅಲ್ಲಿಯೇ ನಡೆದುವು. ಆಮೇಲೆ ಕ್ಲಬ್ಬಿನವರು ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಮಾರ್ಗವನ್ನು ಕಟ್ಟಿಕೊಂಡರು. ಒಂದು ಸುತ್ತಿಗೆ ಸುಮಾರು ೩.೭ ಕಿಲೋಮೀಟರು, ತಿರುವುಗಳು ೧೨. ಪಂದ್ಯವಿಲ್ಲದ ಕೆಲವು ದಿನಗಳಲ್ಲಿ ಹಣ ಕಟ್ಟಿದ ಸಾಮಾನ್ಯರೂ ತಮ್ಮ ತಮ್ಮ ಕಾರುಗಳನ್ನು ತಂದು ಇಲ್ಲಿ ಓಡಿಸಬಹುದು. ಇದನ್ನು ಟ್ರ್ಯಾಕ್ ಡೇ ಎನ್ನುವರು. ಇದು ಪಂದ್ಯವಲ್ಲ, ಬಹುಮಾನವಿಲ್ಲ, ಗೆಲ್ಲುವವನಿಲ್ಲ. ಹೆದ್ದಾರಿಯಲ್ಲಿ ಮಾಡಬಾರದ ವೇಗವನ್ನು, ಎದುರಿಗೆ ಎತ್ತಿನ ಗಾಡಿಯೂ ಮಕ್ಕಳೂ ಬಾರದ ಕಡೆ ಮಾಡಿ ಕಲಿಯುವುದಕ್ಕೆ ಏರ್ಪಡಿಸಿದ ಶಾಲೆಯೆಂದರೆ ಸರಿಯಾದೀತು.

ನಾವು ಹೋದ ದಿನ ಬೆಳಗಿನಿಂದಲೇ ಮಳೆ. ಹಿಂಗಾರಿನ ಮೋಡಗಳು ಬಂಗಾಳಕೊಲ್ಲಿಯಿಂದ ಒಂದರ ಹಿಂದೊಂದು ಬರುತ್ತಿದ್ದುವು. ಓಟವು ನಿಂತುಹೋಗುವುದೆಂದು ಒಳಗೊಳಗೆ ನೆಮ್ಮದಿಯಾಗುತ್ತಿದ್ದಂತೆ ಶಿಷ್ಯನು, “ಒಳ್ಳೆಯದೇ ಆಯಿತು ಮೇಷ್ಟ್ರೇ. ಒಣ ದಿನ ಕಾರು ನಮ್ಮ ತಪ್ಪನ್ನು ಮುಚ್ಚಿಡುತ್ತದೆ. ಮಳೆ ಮುಚ್ಚಿಡುವುದಿಲ್ಲ” ಎಂದನು.

ಮೊದಲು ಎಲ್ಲರನ್ನೂ ಒಂದು ಕೊಠಡಿಯಲ್ಲಿ ಕೂರಿಸಿ ನಿಯಮಗಳನ್ನು ಓದಿ ಹೇಳಿದರು. ಕೊನೆಯ ಬೆಂಚಿನಲ್ಲಿ ಕುಳಿತು ಪಾಠ ಕೇಳಿ ನಮಗೆ ನಾಲ್ವತ್ತು ವರ್ಷಗಳಾಗಿದ್ದುವು. ನೇರವಾದ ದಾರಿಯಲ್ಲಿ ಮಾತ್ರ, ಅದೂ ಮುಂದಿನವನು ಕೈಸನ್ನೆ ಮಾಡಿದರೆ ಮಾತ್ರ, ದಾಟಿಹೋಗಬಹುದು. ಹಳದಿ ಬಾವುಟವೆಂದರೆ ಮುಂದೆ ಅಪಾಯ. ಕೆಂಪೆಂದರೆ ಓಟವನ್ನು ನಿಲ್ಲಿಸಿ ಹಿಂದಿರುಗಬೇಕು. ಹಳದಿಯ ಮೇಲೆ ಕೆಂಪು ಪಟ್ಟೆಗಳಿದ್ದರೆ ದಾರಿ ಜಾರುತ್ತಿದೆಯೆಂದು ಅರ್ಥ. ಆ ದಿನ ಈ ಕೊನೆಯದನ್ನು ಬೇರೆಯಾಗಿ ತೋರಿಸುವ ಅಗತ್ಯವೇ ಇರಲಿಲ್ಲ. ಬಳಿಕ ತಲೆಗೆ ಹೆಲ್ಮೆಟ್ಟು ಏರಿಸಿದರು. ಕನ್ನಡಕವನ್ನು ತೆಗೆದು ಮತ್ತೆ ಹಾಕಿಕೊಳ್ಳುವ ವಿದ್ಯೆಯನ್ನು ಕಲಿಯುವುದರಲ್ಲಿಯೇ ಹತ್ತು ನಿಮಿಷ ಕಳೆಯಿತು.

ರಥವು ಪೋರ್ಷೆ ಕಂಪನಿಯ ೭೧೮ ಕೇಮನ್ ಎಂಬುದು. ಎರಡೇ ಆಸನಗಳು. ನೆಲದ ಮೇಲೆ ಮಣೆ ಹಾಕಿ ಕುಳಿತಷ್ಟು ತಗ್ಗು. ಇಂಜಿನು ಮುಂದಿಲ್ಲ, ಕುಳಿತವರ ಬೆನ್ನ ಹಿಂದೆ, ಹಿಂಬದಿಯ ಚಕ್ರಗಳಿಗೆ ಮುಂಚೆ ಇದೆ, ಬಲವೆಲ್ಲ ಹಿಂದಿನ ಚಕ್ರಗಳಿಗೆ ಹೋಗುವುದು. ತೂಕವು ನಡುವೆ ಕೂಡಿಕೊಂಡಿರುವುದರಿಂದ ಇದು ಹೇಳಿದೊಡನೆ ತಿರುಗುವುದು. ಅದೇ ಕಾರಣದಿಂದ, ಜಾರಲು ತೊಡಗಿದರೆ ಬುಗುರಿಯಂತೆ ತಿರುಗಿಯೂ ಬಿಡುವುದು. ಗುಣವೂ ದೋಷವೂ ಒಂದೇ ಮೂಲದಿಂದ ಹುಟ್ಟುವುದು ಮನುಷ್ಯರಲ್ಲಿಯೂ ಉಂಟಷ್ಟೆ.

ಮೊದಲ ಸರದಿಯಲ್ಲಿ ಶಿಷ್ಯನು ನಡೆಸಿದನು. ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಅವನು ನಡೆಸುತ್ತಲೇ ಪಾಠ ಹೇಳಿದನು. ಇಷ್ಟು ದೊಡ್ಡ ವಾಹನವು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಹೆಚ್ಚುಕಡಮೆ ಅಂಗೈಯಗಲ. ವೇಗ ಹೆಚ್ಚಿಸುವುದು, ತಗ್ಗಿಸುವುದು, ತಿರುಗಿಸುವುದು ಎಲ್ಲವೂ ಆ ನಾಲ್ಕು ಅಂಗೈಗಳ ಹಿಡಿತದಿಂದಲೇ ನಡೆಯಬೇಕು. “ಚಕ್ರದ ಕೈಯಲ್ಲಿ ಒಂದು ರೂಪಾಯಿ ಇದೆ ಎಂದು ತಿಳಿದುಕೊಳ್ಳಿ, ಮೇಷ್ಟ್ರೇ. ರೂಪಾಯಿಯನ್ನೆಲ್ಲ ಬ್ರೇಕಿಗೆ ಖರ್ಚು ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಮಳೆಯ ದಿನ ಆ ರೂಪಾಯಿ ಎಂಟಾಣೆಗೆ ಇಳಿಯುತ್ತದೆ. ಆದ್ದರಿಂದ ನೇರದಲ್ಲಿಯೇ ಬ್ರೇಕಿನ ಕೆಲಸ ಮುಗಿಸಿ, ಆಮೇಲೆ ತಿರುಗಿಸಿ, ತಿರುವು ಬಿಚ್ಚಿಕೊಂಡಮೇಲೆ ವೇಗ ಕೇಳಿ. ಒಂದು ಸಲಕ್ಕೆ ಒಂದೇ ಕೆಲಸ” ಎಂದನು.

ಇನ್ನೊಂದು ಸಂಗತಿಯು ನಮಗೆ ಬಹಳ ವಿಚಿತ್ರವಾಗಿ ಕಂಡಿತು. ಒಣ ದಿನಗಳಲ್ಲಿ ನುರಿತವರೆಲ್ಲರೂ ಒಂದೇ ಜಾಡಿನಲ್ಲಿ ಹೋಗುವರು. ಅಲ್ಲಿ ಟೈರುಗಳ ರಬ್ಬರು ಅಂಟಿ ಅಂಟಿ ಹಿಡಿತವು ಹೆಚ್ಚಿರುವುದು. ಮಳೆ ಬಿದ್ದೊಡನೆ ಆ ನುಣುಪು ರಬ್ಬರೂ ಅದರ ಮೇಲಣ ಎಣ್ಣೆಯ ಜಿಡ್ಡೂ ನೀರಿನೊಡನೆ ಸೇರಿ ಪಾಚಿಯಂತೆ ಜಾರುವುವು. ಆಗ ಜಾಣನು ಜಾಡನ್ನು ಬಿಟ್ಟು, ಯಾರೂ ಹೋಗದ ಒರಟು ನೆಲವನ್ನು ಹುಡುಕಿಕೊಂಡು ಹೋಗಬೇಕು. ಹಿರಿಯರು ನಡೆದುದೇ ಹಾದಿಯೆಂದು ಜೀವಮಾನವೆಲ್ಲ ಹೇಳಿಕೊಟ್ಟ ನಾವು ಇದನ್ನು ಕೇಳಿ ಸುಮ್ಮನೆ ಕುಳಿತೆವು.

ನೀರು ನಿಂತಿರುವ ಕಡೆಯ ಅಪಾಯವೇ ಬೇರೆ. ಚಕ್ರವು ನೀರನ್ನು ಪಕ್ಕಕ್ಕೆ ತಳ್ಳಲಾರದಷ್ಟು ವೇಗವಾದರೆ ನೀರು ಬೆಣೆಯಂತೆ ಕೆಳಕ್ಕೆ ನುಗ್ಗಿ ಚಕ್ರವನ್ನೇ ಎತ್ತಿಬಿಡುವುದು. ಆಗ ಕಾರು ದೋಣಿಯಾಗುವುದು. ಸ್ಟೀರಿಂಗು ಕೈಯಲ್ಲಿದ್ದರೂ ಇಲ್ಲದಂತೆ. ಅಮೆರಿಕದ ನಾಸಾ ಸಂಸ್ಥೆಯ ಹಾರ್ನ್ ಎಂಬವರೂ ಅವರ ಸಂಗಡಿಗರೂ ವಿಮಾನದ ಟೈರುಗಳನ್ನು ಪರೀಕ್ಷಿಸಿ ೧೯೬೩ರಲ್ಲಿ ಇದರ ಲೆಕ್ಕವನ್ನು ಪ್ರಕಟಿಸಿದರು. ಈ ತೇಲುವ ವೇಗವು ಟೈರಿನೊಳಗಣ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದಂತೆ. ಚದರಂಗುಲಕ್ಕೆ ೩೨ ಪೌಂಡು ಒತ್ತಡವಿದ್ದರೆ ಆ ಲೆಕ್ಕದಂತೆ ಗಂಟೆಗೆ ಸುಮಾರು ೯೪ ಕಿಲೋಮೀಟರು. ಟೈರಿನ ಮೈಮೇಲಣ ಗೀರುಗಳು ನೀರನ್ನು ಹೊರಕ್ಕೆ ಸಾಗಿಸುವ ಕಾಲುವೆಗಳು. ಅವು ಸವೆದಷ್ಟೂ ಅಪಾಯವು ಹತ್ತಿರ ಬರುವುದು. ಮನೆಯ ಕಾರನ್ನು ಮಳೆಯಲ್ಲಿ ನಡೆಸುವ ಗೃಹಸ್ಥರೆಲ್ಲರೂ ಇದಿಷ್ಟನ್ನು ತಿಳಿದಿರುವುದು ಒಳ್ಳೆಯದು.

ಎರಡನೆಯ ಸರದಿಯಲ್ಲಿ ನಾವು ಸಾರಥಿಯಾದೆವು. ಶಿಷ್ಯನು ಪಕ್ಕದಲ್ಲಿ ಕುಳಿತನು. ಮೊದಲ ಮೂರು ಸುತ್ತುಗಳು ಸುಖವಾಗಿ ನಡೆದುವು. ಪ್ರತಿಯೊಂದು ತಿರುವಿಗೂ ಮುಂಚೆ ಅವನು ಮೆಲ್ಲನೆ, “ಈಗ ಬ್ರೇಕು ಮಾತ್ರ… ಬಿಡಿ… ಈಗ ತಿರುಗಿಸುವುದು ಮಾತ್ರ… ದೂರ ನೋಡಿ” ಎನ್ನುತ್ತಿದ್ದನು. ನಾವು ಅವನ ಮಾತಿನಂತೆ ಮಾಡಿದೆವು. ವೈಪರುಗಳು ಆಡುತ್ತಿದ್ದುವು, ಬೆನ್ನ ಹಿಂದೆ ಇಂಜಿನು ಗುನುಗುತ್ತಿದ್ದಿತು. ನೇರದಲ್ಲಿ ಮುಳ್ಳು ನೂರನ್ನು ದಾಟಿದಾಗ ನಮಗೆ ಹದಿನಾರು ವರ್ಷದ ಹುಡುಗನ ಸಂತೋಷವಾಯಿತೆಂದು ಒಪ್ಪಿಕೊಳ್ಳುವುದಕ್ಕೆ ನಾಚಿಕೆಯಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಕನ್ನಡಿಯೊಳಗೆ ಎರಡು ದೀಪಗಳು ಕಂಡುವು. ನಮಗಿಂತ ವೇಗವಾಗಿ ಬರುತ್ತಿದ್ದ ಯಾವನೋ ಒಬ್ಬನು. ಅವನು ನಿಯಮದಂತೆ ದೂರದಲ್ಲಿಯೇ ಇದ್ದನು; ಅವನ ತಪ್ಪೇನೂ ಇಲ್ಲ. ಆದರೆ ಆ ದೀಪಗಳು “ಬೇಗ, ಬೇಗ” ಎನ್ನುತ್ತಿರುವಂತೆ ನಮಗೆ ತೋರಿತು. ಮುಂದೆ ಬಲಕ್ಕೆ ತಿರುವು. ಎಂದಿಗಿಂತ ವೇಗವಾಗಿ ಒಳಹೊಕ್ಕೆವು, ತಿರುಗಿಸಿದೆವು, ನೀರು ಮಿನುಗುವುದನ್ನು ನೋಡಿ ಹೆದರಿ, ತಿರುಗಿಸಿದ ಕೈ ತಿರುಗಿಸಿದಂತೆಯೇ ಇರಲು, ಬ್ರೇಕನ್ನು ಬಲವಾಗಿ ತುಳಿದುಬಿಟ್ಟೆವು. ಭಾರವೆಲ್ಲ ಮುಂದಕ್ಕೆ ಬಾಗಿತು. ಹಿಂದಿನ ಚಕ್ರಗಳು ಹಗುರವಾಗಿ ನೆಲವನ್ನು ಬಿಟ್ಟುಕೊಟ್ಟುವು. ಆಮೇಲೆ ನಡೆದುದು ನಮ್ಮ ಕೈಯಲ್ಲಿರಲಿಲ್ಲ. ದಾರಿ, ಹುಲ್ಲು, ಆಕಾಶ, ಮತ್ತೆ ದಾರಿ. “ಬ್ರೇಕು ಒತ್ತಿಯೇ ಇರಿ” ಎಂಬ ಶಿಷ್ಯನ ಮಾತು ಎಲ್ಲಿಂದಲೋ ಕೇಳಿಸಿತು. ಕಾರು ಬಂದ ದಿಕ್ಕಿಗೇ ಮುಖ ಮಾಡಿ, ಅಂಚಿನ ಹುಲ್ಲಿನ ಕೆಸರಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನವನು ದೂರದಲ್ಲಿಯೇ ನಿಧಾನಿಸಿ ಹಾದುಹೋದನು. ಹಳದಿ ಬಾವುಟವು ಬೀಸಾಡುತ್ತಿದ್ದಿತು.

ಈ ಕಾರಿನಲ್ಲಿ ಜಾರುವಿಕೆಯನ್ನು ತಡೆಯುವ ಯಂತ್ರಬುದ್ಧಿಯೂ ಇದೆ. ಶಿಷ್ಯನು ಅದನ್ನು ಆರಿಸಿರಲಿಲ್ಲ. ಅದೇಕೆ ಕಾಪಾಡಲಿಲ್ಲವೆಂದು ಆಮೇಲೆ ಕೇಳಿದ್ದಕ್ಕೆ ಅವನು, “ಇರುವ ಹಿಡಿತವನ್ನು ಅದು ಜಾಣತನದಿಂದ ಹಂಚಬಲ್ಲುದು, ಇಲ್ಲದ್ದನ್ನು ಹುಟ್ಟಿಸಲಾರದು” ಎಂದನು.

ಅವನು ಆಗ, ಆ ಕೆಸರಿನಲ್ಲಿ, ಹೇಳಿದುದು ಇಷ್ಟೇ: “ಉಸಿರು ಬಿಡಿ ಮೇಷ್ಟ್ರೇ. ಕಾವಲಿನವರು ಸನ್ನೆ ಮಾಡಲಿ. ಆಮೇಲೆ ಗೇರು ಹಾಕಿ ಹಿಂದಕ್ಕೆ ತೆಗೆಯೋಣ.” ಸನ್ನೆ ಬಂದಿತು. ಗೇರು ಯಾವುದೆಂಬುದೇ ನಮಗೆ ಮರೆತುಹೋಗಿದ್ದಿತು. ಮೂವತ್ತು ವರ್ಷ ಗೇರು ಹಾಕಿದ ಕೈ ಅದು. ಎದುರಿಗಿದ್ದ ಅಕ್ಷರಗಳು ಕಾಣುತ್ತಿದ್ದರೂ ಅರ್ಥವಾಗಲಿಲ್ಲ. ಅವನು ಗಟ್ಟಿಯಾಗಿ ಮಾತನಾಡಲಿಲ್ಲ, ಕೈ ಚಾಚಿ ತಾನೇ ಹಾಕಲಿಲ್ಲ. “ಅವಸರವಿಲ್ಲ” ಎಂದು ಕಾದನು. ಸ್ವಲ್ಪ ಹೊತ್ತಿಗೆ ಕೈಗೆ ತಾನಾಗಿ ನೆನಪು ಬಂದಿತು.

ಆ ಸ್ವಲ್ಪ ಹೊತ್ತಿನಲ್ಲಿ ನಮಗೆ ಇನ್ನೊಂದು ನೆನಪೂ ಬಂದಿತು. ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ಎಂಟನೆಯ ತರಗತಿ, ತನಿಖೆಗೆ ಬಂದ ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಒಬ್ಬ ಹುಡುಗನನ್ನು ಎಬ್ಬಿಸಿ ಅಸ್ಮದ್ ಶಬ್ದವನ್ನು ಹೇಳೆಂದೆವು. ಅಹಂ, ಆವಾಂ, ವಯಂ ಎಂದು ತೊಡಗಿದವನು ತೃತೀಯಾ ವಿಭಕ್ತಿಯಲ್ಲಿ ತಡೆದು ನಿಂತನು. ಹಿಂದಿನ ದಿನ ಅದೇ ಹುಡುಗನು ಅದನ್ನು ತಪ್ಪಿಲ್ಲದೆ ಒಪ್ಪಿಸಿದ್ದನು. ನಾವು ಬೆತ್ತದಿಂದ ಮೇಜನ್ನು ಕುಟ್ಟಿ, “ಬೇಗ, ಬೇಗ” ಎಂದೆವು. ಅವನು ಇನ್ನಷ್ಟು ತಡೆದನು. “ನಾಲಿಗೆಯನ್ನು ಮನೆಯಲ್ಲಿಟ್ಟು ಬಂದೆಯೇನು?” ಎಂದೆವು. ತರಗತಿಯೆಲ್ಲ ನಕ್ಕಿತು. ಅಧಿಕಾರಿಗಳೂ ನಕ್ಕರು. ಅವನು ನಿಂತೇ ಇದ್ದನು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟು ಬೇರೆ ಭಾಷೆಯನ್ನು ತೆಗೆದುಕೊಂಡನು. ಮಂದಬುದ್ಧಿಯವನೆಂದು ನಾವು ಅವನನ್ನು ಮನಸ್ಸಿನಿಂದ ತೆಗೆದುಹಾಕಿದೆವು. ಈಗ ನಮ್ಮ ಪಕ್ಕದಲ್ಲಿ ಕುಳಿತು, ಗೇರು ಮರೆತ ನಮಗಾಗಿ ಕಾಯುತ್ತಿದ್ದವನು ಅವನೇ.

ಕಾರನ್ನು ಪರೀಕ್ಷೆಗೆ ಒಳಕ್ಕೆ ತಂದು, ತಗಡಿನ ಮಾಡಿನ ಕೆಳಗೆ ಚಹ ಕುಡಿಯುತ್ತ ಕುಳಿತೆವು. “ಸಾಕಯ್ಯಾ, ಇನ್ನು ನಾವು ಕೂರುವುದಿಲ್ಲ” ಎಂದೆವು. ಅವನು ಒತ್ತಾಯ ಮಾಡಲಿಲ್ಲ. ನಿಕಿ ಲೌಡ ಎಂಬ ಆಸ್ಟ್ರಿಯದವನ ಕಥೆಯನ್ನು ಹೇಳಿದನು. ೧೯೭೬ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಮಾರ್ಗದಲ್ಲಿ ಅವನ ಕಾರು ಹೊತ್ತಿಕೊಂಡು, ಸಾವಿನ ಬಾಗಿಲಿಗೆ ಹೋಗಿಬಂದನು. ಆರೇ ವಾರಗಳಲ್ಲಿ ಸುಟ್ಟ ಗಾಯಗಳೊಡನೆ ಮತ್ತೆ ಪಂದ್ಯಕ್ಕೆ ಇಳಿದನು. ಅದೇ ವರ್ಷದ ಕೊನೆಯ ಪಂದ್ಯ ಜಪಾನಿನ ಫುಜಿಯಲ್ಲಿ, ವಿಪರೀತ ಮಳೆ. ಎರಡು ಸುತ್ತು ಹೋಗಿ ಲೌಡನು ಕಾರನ್ನು ನಿಲ್ಲಿಸಿ ಇಳಿದುಬಿಟ್ಟನು. ಅದರಿಂದ ವಿಶ್ವಪ್ರಶಸ್ತಿಯು ಒಂದೇ ಒಂದು ಅಂಕದಿಂದ ಜೇಮ್ಸ್ ಹಂಟನ ಪಾಲಾಯಿತು. ಇಂಜಿನು ಕೆಟ್ಟಿತೆಂದು ಹೇಳಿಬಿಡೋಣವೆಂದು ತನ್ನ ಕಡೆಯವರು ಸೂಚಿಸಿದರೂ ಅವನು ಒಪ್ಪಲಿಲ್ಲವಂತೆ. ಮರುವರ್ಷ ಪ್ರಶಸ್ತಿಯನ್ನು ಮತ್ತೆ ಅವನೇ ಪಡೆದನು. ೧೯೬೮ರಲ್ಲಿ ಅದೇ ನ್ಯೂರ್ಬರ್ಗ್‌ರಿಂಗಿನಲ್ಲಿ, ಮಳೆಯಲ್ಲಿ, ಮಂಜಿನಲ್ಲಿ, ಮುರಿದ ಮಣಿಕಟ್ಟಿನೊಡನೆ ಜಾಕಿ ಸ್ಟುವರ್ಟನು ಎರಡನೆಯವನಿಗಿಂತ ನಾಲ್ಕು ನಿಮಿಷಗಳಿಗೂ ಮುಂಚೆ ಗುರಿ ಮುಟ್ಟಿದುದೂ ಉಂಟು. “ಇಬ್ಬರೂ ದೊಡ್ಡವರೇ ಮೇಷ್ಟ್ರೇ. ನಿಲ್ಲಿಸಿದವನನ್ನು ಯಾರೂ ಅಂಜುಬುರುಕನೆನ್ನಬಾರದು” ಎಂದನು.

ಅವನ ಒಂದೊಂದು ಮಾತೂ ನಮಗೆ ಭಾರವಾಯಿತು. ರಥ ನಡೆಸುವುದರಲ್ಲಿ ಶಲ್ಯನಿಗೆ ಸರಿಯಾದವರು ವಿರಳ. ಆದರೂ ಅವನ ಸಾರಥ್ಯವು ಕರ್ಣನಿಗೆ ಬಲವಾಗಲಿಲ್ಲ, ಕೊಂಕು ನುಡಿದು ತೇಜೋವಧೆ ಮಾಡಿತು. ಈ ಪ್ರಸಂಗವನ್ನು ಎಷ್ಟು ಸಲ ಪಾಠ ಹೇಳಿದ್ದೆವು! ಶಲ್ಯನು ಯಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹುಡುಗನ ಮನಸ್ಸಿನಲ್ಲಿಯೂ ಇರುವುದು ಒಂದೇ ರೂಪಾಯಿ. ಅದನ್ನೆಲ್ಲ ಹೆದರುವುದಕ್ಕೆ ಖರ್ಚು ಮಾಡಿಸಿ, ತೃತೀಯಾ ವಿಭಕ್ತಿಯನ್ನು ಕೊಡು ಎಂದರೆ ಎಲ್ಲಿಂದ ತಂದಾನು?

“ನಿನಗೆ ಆ ತನಿಖೆಯ ದಿನ ನೆನಪಿದೆಯೇನಯ್ಯಾ?” ಎಂದೆವು.

ಅವನು ಲೋಟವನ್ನು ಕೆಳಗಿಟ್ಟನು. “ಇದೆ ಮೇಷ್ಟ್ರೇ.”

ಇಂಥ ಸಂದರ್ಭಕ್ಕೆ ಆಡಬೇಕಾದ ಸಂಸ್ಕೃತದ ಸೂಕ್ತಿಗಳು ನಮಗೆ ಎಷ್ಟೋ ಬರುವುವು. ಒಂದೂ ನಾಲಿಗೆಗೆ ಬರಲಿಲ್ಲ. ಯಾವಾಗಲೂ ‘ನಾವು’ ಎಂದುಕೊಳ್ಳುವ ಅಭ್ಯಾಸವೂ ಆಗ ಬಿಟ್ಟುಹೋಯಿತು. “ಅದು ನನ್ನ ತಪ್ಪು” ಎಂದಷ್ಟೇ ಹೇಳಿದೆವು.

ಅವನು ಬಹಳ ಹೊತ್ತು ಮಳೆಯನ್ನು ನೋಡುತ್ತಿದ್ದನು. ಪರವಾಗಿಲ್ಲವೆಂದು ಉಪಚಾರ ಹೇಳಲಿಲ್ಲ. ಅದಕ್ಕಾಗಿ ಅವನ ಮೇಲೆ ನಮಗೆ ಗೌರವ ಹೆಚ್ಚಿತು. ಕೊನೆಗೆ, “ಯಾರಿಗೆ ಪಾಠ ಹೇಳುವಾಗಲೂ ಆ ದಿನವನ್ನು ನೆನೆಸಿಕೊಳ್ಳುತ್ತೇನೆ ಮೇಷ್ಟ್ರೇ. ಪಕ್ಕದಲ್ಲಿರುವವರಿಗೆ ಹಾಗೆ ಆಗಬಾರದು ಅಂತ” ಎಂದನು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಆದುದರಿಂದಲೇ ಅದು ಆಳಕ್ಕೆ ಇಳಿಯಿತು. ಹೇಗೆ ಕಲಿಸಬಾರದೆಂಬುದನ್ನು ಅವನು ನಮ್ಮಿಂದಲೇ ಕಲಿತಿದ್ದನು. ಹೇಗೆ ಕಲಿಸಬೇಕೆಂಬುದನ್ನು ನಾವು ಅರವತ್ತರಲ್ಲಿ ಅವನಿಂದ ಕಲಿಯಬೇಕಾಯಿತು.

ಸಂಜೆಯ ಕೊನೆಯ ಸರದಿಗೆ ಮಳೆಯು ತುಂತುರಿಗೆ ಇಳಿಯಿತು. “ಕೂರುತ್ತೀರಾ?” ಎಂದು ಅವನು ಒಂದೇ ಸಲ ಕೇಳಿದನು. ಕುಳಿತೆವು. ಐದು ಸುತ್ತು ಹೋದೆವು, ಬೆಳಗಿಗಿಂತ ನಿಧಾನವಾಗಿ. ಕನ್ನಡಿಯಲ್ಲಿ ದೀಪಗಳು ಕಂಡಾಗ, ನೇರವು ಬಂದೊಡನೆ ಕೈಸನ್ನೆ ಮಾಡಿ ಅವರನ್ನು ಮುಂದಕ್ಕೆ ಬಿಟ್ಟೆವು. ಬೆಳಿಗ್ಗೆ ಜಾರಿದ ತಿರುವಿನಲ್ಲಿ, ಹೊಳೆಯುವ ಜಾಡನ್ನು ಬಿಟ್ಟು ಒರಟಾದ ಹೊರಗಿನ ನೆಲವನ್ನು ಹಿಡಿದು, ಬ್ರೇಕನ್ನು ಮುಗಿಸಿ, ಆಮೇಲೆ ತಿರುಗಿಸಿದೆವು. ಚಕ್ರಗಳು ನೆಲವನ್ನು ಹಿಡಿದುಕೊಂಡುದು ಆಸನದ ಮೂಲಕ ಬೆನ್ನಿಗೆ ತಿಳಿಯಿತು. ಶಿಷ್ಯನು ಈ ಸಲ ಏನೂ ಹೇಳಲಿಲ್ಲ.

ಹಿಂದಿರುಗುವಾಗ ಶ್ರೀಪೆರುಂಬುದೂರಿನ ದೇವಸ್ಥಾನದಲ್ಲಿ ಆಚಾರ್ಯರ ದರ್ಶನವನ್ನೂ ಮಾಡಿದೆವು. ಮನೆಯಲ್ಲಿ ಆಡಿದ ಮಾತು ಅಷ್ಟರಮಟ್ಟಿಗೆ ಪೂರ್ತಿ ನಿಜವಾಯಿತು. ಆದರೂ ಪಾದರಕ್ಷೆಯ ಕೆಸರನ್ನು ನೋಡಿದ ಗೃಹಿಣಿಯು ಎಲ್ಲವನ್ನೂ ಹೊರಡಿಸಿಕೊಂಡಳು. ಎರಡು ದಿನ ಮಾತನಾಡಲಿಲ್ಲ.

ಈಗ ನಮ್ಮಲ್ಲಿಗೆ ಪಕ್ಕದ ಮನೆಯ ಹುಡುಗಿಯೊಬ್ಬಳು ಸಾಯಂಕಾಲ ಸಂಸ್ಕೃತ ಕಲಿಯಲು ಬರುತ್ತಾಳೆ. ಮೊನ್ನೆ ಅಸ್ಮದ್ ಶಬ್ದವನ್ನು ಹೇಳುತ್ತ ತೃತೀಯೆಯಲ್ಲಿಯೇ ತಡೆದು ನಿಂತಳು. ಅದೇನು ಆ ವಿಭಕ್ತಿಯ ತಿರುವೋ! ನಾವು ಕಿಟಕಿಯ ಹೊರಗೆ ನೋಡುತ್ತ ಕಾದೆವು. ಸ್ವಲ್ಪ ಹೊತ್ತಿಗೆ ಹಿಂದಿನಿಂದ, “ಮಯಾ, ಆವಾಭ್ಯಾಂ, ಅಸ್ಮಾಭಿಃ” ಎಂದು ಕೇಳಿಸಿತು.

ಆ ಮಗು ಹೋದಮೇಲೆ ನಮ್ಮ ಗೃಹಿಣಿಯು ದೀಪ ಹಚ್ಚುತ್ತ, “ಏನು, ಈಚೆಗೆ ನಿಮ್ಮ ಪಾಠದ ಸದ್ದು ಬೀದಿಗೆ ಕೇಳಿಸುವುದೇ ಇಲ್ಲವಲ್ಲ?” ಎಂದಳು. ಶಾಂತಿಗೆ ಖರ್ಚು ಮಾಡಿದ ಹಣವು ವ್ಯರ್ಥವಾಗಲಿಲ್ಲವೆಂದು ನಾವು ತಿಳಿದುಕೊಂಡೆವು.